ಕರಾರು ಬರೆಸಿಕೊಂಡ ಪ್ರಜೆಗಳು

ಕನ್ನಡ ಶಬ್ದವೊಂದರ ಅರ್ಥ ತಿಳಿಯದಾದಾಗ ಕಿಟ್ಟೆಲರ ನಿಘಂಟನ್ನು ಬಿಚ್ಚಿ ನೋಡುವುದು ನಮ್ಮಲ್ಲಿ ರೂಢಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಹೆಬ್ಬೊತ್ತಗೆಯನ್ನು ನಮಗೆ ಕೊಟ್ಟ ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯುಬಿಂಗೆನ್ ಎಂಬ ಊರಿನಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನು ಕೊಟ್ಟ ಮೋಗ್ಲಿಂಗರು ದೇವಶಾಸ್ತ್ರವನ್ನು ಓದಿದ್ದೂ ಅದೇ ಊರಿನಲ್ಲಿ. ಈ ಇಬ್ಬರಿಗೂ ಗೌರವ ಡಾಕ್ಟರ್ ಪದವಿಯನ್ನು ನೀಡಿದ್ದು ಅಲ್ಲಿಯ ವಿಶ್ವವಿದ್ಯಾನಿಲಯವೇ. ಕನ್ನಡಕ್ಕೆ ಇಷ್ಟು ಬೇಕಾದ ಈ ಊರು ಎಂಥದು, ಅದು ಯಾವ ರಾಜ್ಯಕ್ಕೆ ಸೇರಿತ್ತು ಎಂದು ವಿಚಾರಿಸುತ್ತ ಹೋದರೆ ಒಂದು ಸ್ವಾರಸ್ಯವಾದ ಚರಿತ್ರೆ ತೆರೆದುಕೊಳ್ಳುತ್ತದೆ. ಅದು ಕೇವಲ ಅರಸರ ಚರಿತ್ರೆಯಲ್ಲ. ಒಂದು ಕಾಗದದ ಚರಿತ್ರೆ.

ಜರ್ಮನಿಯ ನೈಋತ್ಯ ಭಾಗದಲ್ಲಿ ನೆಕಾರ್ ನದಿಯ ಆಚೀಚೆ ಹಬ್ಬಿದ್ದ ಆ ರಾಜ್ಯದ ಹೆಸರು ವ್ಯುರ್ಟೆಂಬರ್ಗ್. ಆ ಕಾಲಕ್ಕೆ ಜರ್ಮನಿಯೆಂಬುದು ಒಂದು ದೇಶವಾಗಿರಲಿಲ್ಲ. ಹೆಸರಿಗೆ ಒಬ್ಬ ಚಕ್ರವರ್ತಿ, ಅವನ ಕೆಳಗೆ ದೊಡ್ಡವೂ ಚಿಕ್ಕವೂ ಆದ ನೂರಾರು ಸಂಸ್ಥಾನಗಳು, ಮಠದ ಸೀಮೆಗಳು, ಸ್ವತಂತ್ರ ಪಟ್ಟಣಗಳು. ನಮ್ಮ ದೇಶದ ಹಳೆಯ ಸಂಸ್ಥಾನಗಳ ನೆನಪಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1495ರಲ್ಲಿ ಚಕ್ರವರ್ತಿಯು ವ್ಯುರ್ಟೆಂಬರ್ಗಿನ ಒಡೆಯನಾದ ಎಬರ್‌ಹಾರ್ಟನಿಗೆ ಡ್ಯೂಕ್ ಎಂಬ ಬಿರುದನ್ನು ಕೊಟ್ಟನು. ಉದ್ದನೆಯ ಗಡ್ಡ ಬಿಟ್ಟಿದ್ದರಿಂದ ಜನ ಅವನನ್ನು ‘ಗಡ್ಡದ ಎಬರ್‌ಹಾರ್ಟ್’ ಎಂದೇ ಕರೆಯುತ್ತಿದ್ದರು. ಟ್ಯುಬಿಂಗೆನ್ ವಿಶ್ವವಿದ್ಯಾನಿಲಯವನ್ನು 1477ರಲ್ಲಿ ಸ್ಥಾಪಿಸಿದವನು ಅವನೇ. ವಿದ್ಯೆಯಲ್ಲಿ ಅಷ್ಟು ಆದರವಿದ್ದ ಈ ಅರಸನೇ ಯೆಹೂದ್ಯರು ಆ ಊರಿನಲ್ಲಿ ನೆಲಸಕೂಡದೆಂದು ಕಟ್ಟು ಮಾಡಿದನೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅದರ ಪ್ರಸ್ತಾಪ ಬರಲಿದೆ.

ನೀರಿಗೆ ಬಿದ್ದ ತೂಕದ ಕಲ್ಲು

ಎಬರ್‌ಹಾರ್ಟನ ತರುವಾಯ ಬಂದವನು ಹೆಚ್ಚು ದಿನ ನಿಲ್ಲಲಿಲ್ಲ. 1498ರಲ್ಲಿ ಉಲ್ರಿಚ್ ಎಂಬ ಹನ್ನೊಂದು ವರ್ಷದ ಹುಡುಗನಿಗೆ ಗಾದಿ ದೊರೆಯಿತು. ಬೆಳೆದು ದೊಡ್ಡವನಾದ ಮೇಲೆ ಅವನು ಬೇಟೆ, ಮೆರವಣಿಗೆ, ಔತಣ, ಯುದ್ಧಗಳಲ್ಲಿ ಹಣವನ್ನು ನೀರಿನಂತೆ ಚೆಲ್ಲಿದನು. ಸಾಲ ಬೆಳೆಯಿತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಬಡವನಿಗೆ ಹೇಳುವ ಬುದ್ಧಿ. ಅರಸನಾದವನು ಇನ್ನೊಬ್ಬರ ಹಾಸಿಗೆಯನ್ನೇ ಎಳೆದುಕೊಳ್ಳಬಲ್ಲನು.

ಉಲ್ರಿಚನು ಕಂಡುಕೊಂಡ ಉಪಾಯ ಇದು. ಮಾಂಸ, ಹಿಟ್ಟು, ದ್ರಾಕ್ಷಾರಸಗಳ ಬೆಲೆಯನ್ನು ಏರಿಸಲಿಲ್ಲ, ತೂಕವನ್ನೂ ಅಳತೆಯನ್ನೂ ಇಳಿಸಿದನು. ಕೊಳ್ಳುವವನು ಮೊದಲಿನಷ್ಟೇ ದುಡ್ಡು ತೆತ್ತು ಕಡಿಮೆ ಪದಾರ್ಥವನ್ನು ಮನೆಗೆ ಒಯ್ಯಬೇಕು, ನಡುವಿನ ಅಂತರ ಡ್ಯೂಕನ ಬೊಕ್ಕಸಕ್ಕೆ ಸೇರಬೇಕು. ಸಂತೆಗೆ ಹೋಗಿ ಬಂದ ಗೃಹಿಣಿಗೆ ಇಂಥ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಚೀಲ ಎತ್ತಿದ ಕೂಡಲೇ ಅವಳಿಗೆ ತಿಳಿಯುತ್ತದೆ.

1514ರ ಮೇ ತಿಂಗಳಿನಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಹಳ್ಳಿಯ ಪೇಟರ್ ಗೈಸ್ ಎಂಬ ಬಡವನು ಈ ಹೊಸ ತೂಕಗಳನ್ನು ಎತ್ತಿಕೊಂಡು, ಜನರನ್ನು ಕರೆದುಕೊಂಡು ರೆಮ್ಸ್ ಹೊಳೆಯ ದಂಡೆಗೆ ಹೋದನು. ತೂಕ ನೀರಿನಲ್ಲಿ ತೇಲಿದರೆ ಡ್ಯೂಕನದು ನ್ಯಾಯ, ಮುಳುಗಿದರೆ ನಮ್ಮದು ನ್ಯಾಯ ಎಂದು ಹೇಳಿ ಎಸೆದನಂತೆ. ಮುಳುಗದೆ ಏನಾದೀತು! ಆ ಕಾಲದಲ್ಲಿ ಅಪರಾಧಿಗಳನ್ನು ನೀರಿಗೆ ಹಾಕಿ ಸತ್ಯ ಪರೀಕ್ಷಿಸುವ ಪದ್ಧತಿಯಿತ್ತು. ಬಡವನು ಅದೇ ಪರೀಕ್ಷೆಯನ್ನು ಸರಕಾರಕ್ಕೆ ತಿರುಗಿಸಿದನು. ಹಳ್ಳಿಯಿಂದ ಹಳ್ಳಿಗೆ ದಂಗೆ ಹಬ್ಬಿತು. ಅದಕ್ಕೆ ‘ಬಡ ಕೊನ್ರಾಡ’ ಎಂಬ ಹೆಸರು ಬಂದಿತು. ನಮ್ಮಲ್ಲಿ ಹಳ್ಳಿಗನನ್ನು ‘ಬೋರ’ ಎಂದು ಹಾಸ್ಯ ಮಾಡುವಂತೆ ಅಲ್ಲಿ ಸಿರಿವಂತರು ರೈತನನ್ನು ಕೊನ್ರಾಡ ಎನ್ನುತ್ತಿದ್ದರು. ರೈತರು ಆ ಹಾಸ್ಯದ ಹೆಸರನ್ನೇ ಬಾವುಟದಂತೆ ಎತ್ತಿ ಹಿಡಿದರು.

ಡ್ಯೂಕನು ಹೆದರಿ ಪ್ರತಿನಿಧಿ ಸಭೆಯನ್ನು ಕರೆದನು. ಮಠಾಧಿಪತಿಗಳೂ ಪಟ್ಟಣಗಳ ಮುಖಂಡರೂ ಟ್ಯುಬಿಂಗೆನ್ನಿನಲ್ಲಿ ಕೂಡಿದರು. ರೈತರ ಪ್ರತಿನಿಧಿಗಳು ರಾಜಧಾನಿಯಾದ ಸ್ಟುಟ್‌ಗಾರ್ಟಿನಲ್ಲಿ ಕಾಯುತ್ತಲೇ ಉಳಿದರು. 1514ರ ಜುಲೈ 8ರಂದು ಒಂದು ಒಪ್ಪಂದವಾಯಿತು. ಇದೇ ಹೆಸರಾಂತ ‘ಟ್ಯುಬಿಂಗೆನ್ ಕರಾರು.’ ಡ್ಯೂಕನ ಸುಮಾರು 9 ಲಕ್ಷ ಗುಲ್ಡೆನ್ ಸಾಲವನ್ನು ನಾಡಿನವರು ವಹಿಸಿಕೊಂಡರು. ಅದಕ್ಕೆ ಪ್ರತಿಯಾಗಿ ಡ್ಯೂಕನು ಬರೆದುಕೊಟ್ಟ ಮಾತುಗಳಲ್ಲಿ ಮುಖ್ಯವಾದವು ನಾಲ್ಕು. ಸಭೆಯ ಒಪ್ಪಿಗೆಯಿಲ್ಲದೆ ಹೊಸ ತೆರಿಗೆ ಹಾಕಕೂಡದು. ಸಭೆಯನ್ನು ಕೇಳದೆ ಯುದ್ಧಕ್ಕೆ ಹೊರಡಕೂಡದು. ವಿಚಾರಣೆಯಿಲ್ಲದೆ ಯಾರ ಪ್ರಾಣಕ್ಕೂ ಮಾನಕ್ಕೂ ಕೈಹಾಕಕೂಡದು. ನಾಲ್ಕನೆಯದು, ಸಂಸ್ಥಾನವನ್ನು ಬಿಟ್ಟು ಬೇರೆ ಕಡೆ ಹೋಗಿ ಬದುಕಬಯಸುವವನಿಗೆ, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಹಾಗೆ ಹೋಗಲು ಹಕ್ಕುಂಟು. ಮುಂದೆ ಗಾದಿಗೆ ಬರುವ ಪ್ರತಿಯೊಬ್ಬ ಡ್ಯೂಕನೂ ಈ ಕರಾರನ್ನು ದೃಢಪಡಿಸಿದ ಮೇಲೆಯೇ ಪ್ರಜೆಗಳು ನಿಷ್ಠೆಯ ಪ್ರಮಾಣ ಮಾಡತಕ್ಕದ್ದು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದಿರುವ ನಮಗೆ ಈ ನಾಲ್ಕನೆಯ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಒಡೆಯನು ಮನುಷ್ಯನನ್ನು ಹೊಲದ ಜೊತೆಗೆ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ‘ಹೋಗಬಯಸುವವನನ್ನು ಹೋಗಗೊಡಬೇಕು’ ಎಂದು ಬರೆಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ಗೆಲುವಿಗೆ ಬೆಲೆ ತೆತ್ತವರು ಯಾರು? ಕರಾರಿಗೆ ಪ್ರಮಾಣ ಮಾಡಲೊಲ್ಲದೆ ಬಾಯ್ಟೆಲ್ಸ್‌ಬಾಖಿನ ಬಳಿಯ ಗುಡ್ಡದ ಮೇಲೆ ಸೇರಿದ ರೈತರು ಚದುರಿದ ಮೇಲೆ ಡ್ಯೂಕನು ಅವರನ್ನು ಹಿಡಿತರಿಸಿ, ಹಲವರ ತಲೆಗಳನ್ನು ಕಡಿಸಿದನು. ತೂಕದ ಕಲ್ಲನ್ನು ಎಸೆದವರು ರೈತರು. ಕರಾರಿಗೆ ಮುದ್ರೆ ಒತ್ತಿ ಲಾಭ ಪಡೆದವರು ಪಟ್ಟಣದ ಮುಖಂಡರು. ಈ ಲೋಪ ಕರಾರಿನ ಹುಟ್ಟಿನಲ್ಲಿಯೇ ಸೇರಿಕೊಂಡಿತ್ತು.

ಮಠದ ಸೊತ್ತು ಶಾಲೆಗೆ

ಉಲ್ರಿಚನ ಸ್ವಭಾವವನ್ನು ಕರಾರು ತಿದ್ದಲಿಲ್ಲ. ಪಕ್ಕದ ಸ್ವತಂತ್ರ ಪಟ್ಟಣವೊಂದರ ಮೇಲೆ ಏರಿಹೋಗಿ 1519ರಲ್ಲಿ ರಾಜ್ಯವನ್ನೇ ಕಳೆದುಕೊಂಡನು. ಹದಿನೈದು ವರ್ಷ ಪರದೇಶಿಯಾಗಿ ಅಲೆದನು. ನಾಡು ಆಸ್ಟ್ರಿಯದ ಅರಸು ಮನೆತನದ ಕೈಗೆ ಹೋಯಿತು. ಆ ವರ್ಷಗಳಲ್ಲಿಯೇ ಮಾರ್ಟಿನ್ ಲೂಥರನು ಎಬ್ಬಿಸಿದ ಧರ್ಮಸುಧಾರಣೆಯ ಗಾಳಿ ಜರ್ಮನಿಯಲ್ಲೆಲ್ಲ ಬೀಸುತ್ತಿತ್ತು. ಪಾಪಕ್ಷಮೆಯ ಚೀಟಿಗಳನ್ನು ದುಡ್ಡಿಗೆ ಮಾರುವುದನ್ನು ಲೂಥರನು 1517ರಲ್ಲಿ ಖಂಡಿಸಿದನು. 1522ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಜನರಾಡುವ ಜರ್ಮನ್ ಮಾತಿನಲ್ಲಿ ಅಚ್ಚು ಹಾಕಿಸಿದನು. 1534ರಲ್ಲಿ ಹೆಸ್ಸೆಯ ಅರಸನಾದ ಫಿಲಿಪ್ಪನ ಸೈನ್ಯದ ಬಲದಿಂದ ಉಲ್ರಿಚನು ತನ್ನ ನಾಡನ್ನು ಮರಳಿ ಪಡೆದಾಗ ಲೂಥರನ ಪಂಥವನ್ನು ಜೊತೆಗೆ ತಂದನು. ವ್ಯುರ್ಟೆಂಬರ್ಗ್ ಲೂಥರನ್ ಸಂಸ್ಥಾನವಾಯಿತು. ಮಠಗಳನ್ನು ಮುಚ್ಚಿ, ಅವುಗಳ ಬೆಳ್ಳಿಯ ಪಾತ್ರೆಪಡಗಗಳನ್ನು ಉಲ್ರಿಚನು ತನ್ನ ಬೊಕ್ಕಸಕ್ಕೆ ಸೇರಿಸಿಕೊಂಡನು. ಧರ್ಮವೂ ಆಯಿತು, ಸಾಲವೂ ತೀರಿತು ಎಂಬ ಲೆಕ್ಕ.

ಅವನ ಮಗ ಕ್ರಿಸ್ಟೋಫನು ಬೇರೆ ತರದ ಮನುಷ್ಯ. 1550ರಿಂದ 1568ರ ವರೆಗೆ ಆಳಿದ ಇವನು ಯೋಹಾನೆಸ್ ಬ್ರೆಂಜ್ ಎಂಬ ಪಾದ್ರಿಯ ಸಲಹೆಯಿಂದ ನಾಡಿನ ಆಡಳಿತವನ್ನು ಹೊಸದಾಗಿ ಕಟ್ಟಿದನು. 1555ರಲ್ಲಿ ನಾಡಿಗೆಲ್ಲ ಒಂದೇ ಕಾನೂನು ಪುಸ್ತಕವಾಯಿತು. 1557ರಲ್ಲಿ ತೂಕ, ಅಳತೆಗಳನ್ನು ಒಂದೇ ಕ್ರಮಕ್ಕೆ ತಂದನು. ತಂದೆಯ ಕಾಲದಲ್ಲಿ ಹೊಳೆಗೆ ಬಿದ್ದ ತೂಕದ ಕಲ್ಲಿಗೆ ಮಗನು ಕೊಟ್ಟ ಉತ್ತರವಿದು ಎಂದು ನಾವು ಭಾವಿಸಬಹುದು.

ಆದರೆ ಕ್ರಿಸ್ಟೋಫನ ದೊಡ್ಡ ಕೆಲಸ ಇನ್ನೊಂದು. ಮಠಗಳ ಹೊಲ, ಕಾಡು, ದ್ರಾಕ್ಷಿತೋಟಗಳ ಹುಟ್ಟುವಳಿಯನ್ನು ಅವನು ತನ್ನ ಬೊಕ್ಕಸದೊಡನೆ ಬೆರೆಸದೆ ಪ್ರತ್ಯೇಕ ನಿಧಿಯಾಗಿ ಇಟ್ಟು, ಅದರ ಆಡಳಿತಕ್ಕೆ ಬೇರೆ ಕಚೇರಿಯನ್ನೇ ನೇಮಿಸಿದನು. ಪಾದ್ರಿಗಳ ಸಂಬಳ, ಬಡವರ ಪೋಷಣೆ, ಶಾಲೆಗಳು, ಇವು ಆ ನಿಧಿಯ ಮುಖ್ಯ ಖರ್ಚುಗಳು. 1559ರಲ್ಲಿ ಹೊರಟ ‘ಮಹಾ ಧರ್ಮವಿಧಿ’ಯಲ್ಲಿ ಇದೆಲ್ಲ ಬರಹಕ್ಕೆ ಇಳಿಯಿತು. ದೇವರ ಮಾತನ್ನು ಪ್ರತಿಯೊಬ್ಬನೂ ತನ್ನ ಮಾತಿನಲ್ಲಿ ತಾನೇ ಓದಬೇಕೆಂದ ಮೇಲೆ ಓದು ಕಲಿಸುವ ಹೊಣೆಯೂ ಬಂದಂತೆಯೇ ಅಲ್ಲವೆ? ಆದುದರಿಂದ ಹಳ್ಳಿಗಳಲ್ಲಿ ಜರ್ಮನ್ ಶಾಲೆಗಳು, ಪಟ್ಟಣಗಳಲ್ಲಿ ಲ್ಯಾಟಿನ್ ಶಾಲೆಗಳು ನಡೆಯಬೇಕೆಂದು ವಿಧಿಸಲಾಯಿತು. 1556ರಿಂದ ಹದಿಮೂರು ಹಳೆಯ ಮಠಗಳು ಹುಡುಗರ ವಸತಿಶಾಲೆಗಳಾದವು. ಅಲ್ಲಿಗೆ ಸೇರಲು ನಾಡಿಗೆಲ್ಲ ಒಂದೇ ಪರೀಕ್ಷೆ. ತೇರ್ಗಡೆಯಾದ ಹುಡುಗನಿಗೆ ಊಟ, ವಸತಿ, ಬಟ್ಟೆ, ಪಾಠ ಎಲ್ಲವೂ ಉಚಿತ. ಮುಂದೆ ಟ್ಯುಬಿಂಗೆನ್ನಿನಲ್ಲಿ 1536ರಲ್ಲಿಯೇ ಪ್ರಾರಂಭವಾಗಿದ್ದ ‘ಷ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ವಿಶ್ವವಿದ್ಯಾನಿಲಯದ ಓದು. ಓದಿದವನು ಸಂಸ್ಥಾನದ ಚರ್ಚಿನ ಅಥವಾ ಶಾಲೆಯ ಸೇವೆಗೆ ಬರಬೇಕೆಂಬುದೊಂದೇ ಷರತ್ತು. ನಮ್ಮ ಕಡೆ ವಾರಾನ್ನ ಮಾಡಿಕೊಂಡು, ಉಚಿತ ವಿದ್ಯಾರ್ಥಿನಿಲಯಗಳಲ್ಲಿ ನಿಂತು ಓದಿದ ಹಿರಿಯರ ಕಥೆ ಕೇಳಿದವರಿಗೆ ಇದರ ಮಹತ್ವ ಬೇಗನೆ ಹೊಳೆಯುತ್ತದೆ.

ಈ ಏರ್ಪಾಡಿನಿಂದ ಬೆಳೆದು ಬಂದವರಲ್ಲಿ ಮೊದಲು ನೆನೆಯಬೇಕಾದವನು ಖಗೋಳಜ್ಞ ಯೋಹಾನೆಸ್ ಕೆಪ್ಲರ್. 1571ರಲ್ಲಿ ಹುಟ್ಟಿದ ಇವನ ತಂದೆ ದುಡ್ಡು ಕೊಟ್ಟವರ ಪರವಾಗಿ ಹೋರಾಡುವ ಕೂಲಿ ಸಿಪಾಯಿ, ತಾಯಿ ಹೋಟೆಲಿನವನ ಮಗಳು. ಲಿಯೋನ್‌ಬರ್ಗಿನ ಲ್ಯಾಟಿನ್ ಶಾಲೆ, ಆಡೆಲ್‌ಬರ್ಗ್ ಮತ್ತು ಮೌಲ್‌ಬ್ರೋನ್ ಮಠಶಾಲೆಗಳು, ಆಮೇಲೆ ಟ್ಯುಬಿಂಗೆನ್ನಿನ ಷ್ಟಿಫ್ಟ್, ಹೀಗೆ ಮೆಟ್ಟಿಲು ಹತ್ತಿ, ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುತ್ತವೆಂದು ಲೋಕಕ್ಕೆ ತೋರಿಸಿಕೊಟ್ಟನು. ಎರಡು ಶತಮಾನಗಳ ತರುವಾಯ ಅದೇ ಷ್ಟಿಫ್ಟಿನಲ್ಲಿ ತತ್ತ್ವಜ್ಞಾನಿಗಳಾದ ಹೆಗೆಲ್ ಮತ್ತು ಷೆಲ್ಲಿಂಗ್, ಕವಿ ಹ್ಯೋಲ್ಡರ್ಲಿನ್ ಮೂವರೂ ಒಂದೇ ಕಾಲದಲ್ಲಿ ಓದಿದರು. ಹೆಗೆಲನ ತಂದೆ ಡ್ಯೂಕನ ಹಣಕಾಸಿನ ಕಚೇರಿಯಲ್ಲಿ ಲೇಖಣಿ ಹಿಡಿದು ಬದುಕಿದವನು ಎಂಬುದನ್ನು ನಮ್ಮ ಗುಮಾಸ್ತೆ ಮಿತ್ರರು ಗಮನಿಸಬೇಕು.

ಏರ್ಪಾಡು ಪರಿಪೂರ್ಣವಾಗಿತ್ತೆಂದು ಮಾತ್ರ ತಿಳಿಯಬಾರದು. ವಸತಿಶಾಲೆಗಳು ಹುಡುಗರಿಗಷ್ಟೆ, ಹುಡುಗಿಯರಿಗೆ ಇರಲಿಲ್ಲ. ಹೆಚ್ಚಿನ ಪಾಲು ಸ್ಥಾನಗಳು ಪಾದ್ರಿಗಳ, ಅಧಿಕಾರಿಗಳ ಮಕ್ಕಳಿಗೇ ಹೋಗುತ್ತಿದ್ದವು. ನಂಬಿಕೆಯ ವಿಷಯದಲ್ಲಿ ಚರ್ಚು ಬಹಳ ಬಿಗಿ. ಅದರ ಸಿದ್ಧಾಂತಪತ್ರಕ್ಕೆ ಪೂರ್ತಿಯಾಗಿ ಸಹಿ ಹಾಕಲೊಲ್ಲದ ಕೆಪ್ಲರನಿಗೆ ಟ್ಯುಬಿಂಗೆನ್ನಿನಲ್ಲಿ ಕೊನೆಗೂ ಕೆಲಸ ಸಿಗಲಿಲ್ಲ. ಅವನು ಪರಊರುಗಳಲ್ಲಿಯೇ ಬಾಳಿದನು. ಅವನ ಮುದಿ ತಾಯಿಯನ್ನು ಮಾಟಗಾತಿಯೆಂದು 1620ರಲ್ಲಿ ಸೆರೆಗೆ ಹಾಕಿದರು. ಮಗನು ಲಿಂಜ್ ಪಟ್ಟಣದಿಂದ ಬಂದು ದೂರಿನ ಒಂದೊಂದು ಅಂಶಕ್ಕೂ ಬರಹದಲ್ಲಿ ಉತ್ತರ ಕೊಟ್ಟನು. ಚಿತ್ರಹಿಂಸೆಯ ಉಪಕರಣಗಳನ್ನು ಎದುರಿಗೆ ತಂದು ತೋರಿಸಿದರೂ ಆ ತಾಯಿ ಇಲ್ಲದ ತಪ್ಪನ್ನು ಒಪ್ಪಲಿಲ್ಲ. 1621ರಲ್ಲಿ ಬಿಡುಗಡೆಯಾಗಿ, ಮರುವರ್ಷ ತೀರಿಕೊಂಡಳು. ವಿಚಾರಣೆಯಿಲ್ಲದೆ ಶಿಕ್ಷೆಯಿಲ್ಲವೆಂಬ ಮಾತು ಅವಳನ್ನು ಬೆಂಕಿಯಿಂದ ಉಳಿಸಿತು, ಸಂಕಟದಿಂದ ಉಳಿಸಲಿಲ್ಲ. ಆ ಮಾತನ್ನು ಹಿಡಿದು ವಾದಿಸಲು ಓದುಬಲ್ಲ ಮಗನಿಲ್ಲದ ಎಷ್ಟು ಮಂದಿ ತಾಯಂದಿರ ಗತಿ ಏನಾಯಿತೋ!

ಹಾಳಾದ ನಾಡು, ಮತ್ತೆ ಕಟ್ಟಿದ ಶಾಲೆ

1618ರಲ್ಲಿ ಪ್ರಾರಂಭವಾದ ಮೂವತ್ತು ವರ್ಷಗಳ ಯುದ್ಧ ಈ ನಾಡನ್ನು ಅರೆದುಹಾಕಿತು. 1634ರಲ್ಲಿ ನ್ಯೋರ್ಡ್ಲಿಂಗೆನ್ ಕದನದಲ್ಲಿ ಪ್ರಾಟೆಸ್ಟಂಟರ ಪಕ್ಷ ಸೋತಾಗ ಡ್ಯೂಕ್ ಮೂರನೆಯ ಎಬರ್‌ಹಾರ್ಟನು ಸ್ಟ್ರಾಸ್‌ಬರ್ಗಿಗೆ ಓಡಿಹೋದನು. ಸಿಪಾಯಿಗಳು, ಬರಗಾಲ, ಪ್ಲೇಗು, ಒಂದರ ಬೆನ್ನಿಗೆ ಒಂದು ಬಂದವು. ಯುದ್ಧಕ್ಕೆ ಮೊದಲು ಸುಮಾರು ನಾಲ್ಕೂವರೆ ಲಕ್ಷವಿದ್ದ ಜನಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯಿತು. 1648ರಲ್ಲಿ ಶಾಂತಿಯಾಯಿತು. ಮರುವರ್ಷವೇ, ಅಂದರೆ 1649ರಲ್ಲಿ, ಮಕ್ಕಳನ್ನು ಶಾಲೆಗೆ ಕಳುಹಿಸುವುದು ಕಡ್ಡಾಯವೆಂದು ಸರಕಾರ ಆಜ್ಞೆ ಹೊರಡಿಸಿತು. ಮನೆಗೆ ಮಾಡಿಲ್ಲ, ಉಳುವುದಕ್ಕೆ ಎತ್ತಿಲ್ಲ. ಅಂಥದರಲ್ಲಿ ಮೊದಲು ಶಾಲೆಯ ಮಾತು! ಆಜ್ಞೆ ಹೊರಟಷ್ಟು ಬೇಗ ಶಾಲೆಗಳು ತುಂಬಲಿಲ್ಲವೆನ್ನುವುದು ಬೇರೆ. ಆದರೆ ನಾಡನ್ನು ಕಟ್ಟುವುದು ಎಲ್ಲಿಂದ ಎಂಬುದು ಅವರಿಗೆ ಗೊತ್ತಿತ್ತು.

ಕಾಗದದ ಕಾವಲುಗಾರರು

1733ರಲ್ಲಿ ಕ್ಯಾಥೊಲಿಕನಾಗಿದ್ದ ಕಾರ್ಲ್ ಅಲೆಕ್ಸಾಂಡರನು ಡ್ಯೂಕನಾದನು. ನಾಡಿನ ಲೂಥರನ್ ಧರ್ಮಕ್ಕೂ ಅದರ ನಿಧಿಗೂ ಕೈಹಾಕುವುದಿಲ್ಲವೆಂದು ಅವನಿಂದ ಬರೆಸಿಕೊಂಡರು. ಅವನ ಹಣಕಾಸಿನ ಸಲಹೆಗಾರ ಯೋಸೆಫ್ ಸ್ಯೂಸ್ ಒಪೆನ್‌ಹೈಮರ್ ಎಂಬ ಯೆಹೂದ್ಯ. ಸಭೆಯನ್ನು ಬದಿಗಿಟ್ಟು ಹಣ ಕೂಡಿಸಿದ್ದು ಡ್ಯೂಕನ ಇಚ್ಛೆ, ದ್ವೇಷವೆಲ್ಲ ಸಲಹೆಗಾರನ ಪಾಲು. 1737ರಲ್ಲಿ ಡ್ಯೂಕನು ಹಠಾತ್ತನೆ ಸತ್ತ ಕೂಡಲೇ ಒಪೆನ್‌ಹೈಮರನನ್ನು ಹಿಡಿದು, ಹೆಸರಿಗೆ ವಿಚಾರಣೆ ಮಾಡಿ, 1738ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟಿನಲ್ಲಿ ಗಲ್ಲಿಗೇರಿಸಿದರು. ಹೆಣವನ್ನು ಕಬ್ಬಿಣದ ಪಂಜರದಲ್ಲಿ ಆರು ವರ್ಷ ತೂಗುಹಾಕಿದರು. ನ್ಯಾಯವಾದ ವಿಚಾರಣೆಯ ಹಕ್ಕನ್ನು ಎರಡು ಶತಮಾನ ಕಾಯ್ದುಕೊಂಡು ಬಂದವರೇ ತಮ್ಮ ಮತದವನಲ್ಲದವನಿಗೆ ಅದನ್ನು ಕೊಡಲಿಲ್ಲ. ಕರಾರಿನಲ್ಲಿ ಮೊದಲು ರೈತನಿಗೆ ಸ್ಥಳವಿರಲಿಲ್ಲ, ಈಗ ಯೆಹೂದ್ಯನಿಗೆ ಇರಲಿಲ್ಲ.

ಅವನ ಮಗ ಕಾರ್ಲ್ ಆಯ್ಗೆನನು 1744ರಿಂದ 1793ರ ವರೆಗೆ ಆಳಿದನು. ಅರಮನೆ, ಸಂಗೀತನಾಟಕ, ಸೈನ್ಯಗಳಲ್ಲಿ ಉಲ್ರಿಚನನ್ನೂ ಮೀರಿಸಿದನು. ಸಭೆಯ ಕಾನೂನು ಸಲಹೆಗಾರನಾಗಿದ್ದ ಯೋಹಾನ್ ಯಾಕೋಬ್ ಮೋಸರನು, ಒಪ್ಪಿಗೆಯಿಲ್ಲದ ತೆರಿಗೆ ಕರಾರಿಗೆ ವಿರುದ್ಧವೆಂಬ ಸಭೆಯ ನಿಲುವಿಗೆ ಆಧಾರವಾಗಿ ನಿಂತನು. 1759ರಲ್ಲಿ ಡ್ಯೂಕನು ಅವನನ್ನು ವಿಚಾರಣೆಯಿಲ್ಲದೆ ಹೋಹೆನ್‌ಟ್ವೀಲ್ ಎಂಬ ಬೆಟ್ಟದ ಕೋಟೆಯಲ್ಲಿ ಐದು ವರ್ಷ ಕೂಡಿಹಾಕಿದನು. ಶಾಯಿ, ಕಾಗದ ಕೊಡಲಿಲ್ಲ. ಆ ಮುದುಕನು ದೀಪದ ಕುಡಿ ಕತ್ತರಿಸುವ ಕತ್ತರಿಯ ಮೊನೆಯಿಂದ ಗೋಡೆಯ ಮೇಲೆ ಗೀರಿ ಗೀರಿ ಭಕ್ತಿಗೀತೆಗಳನ್ನು ಬರೆದನು. ಸಭೆಯು ಚಕ್ರವರ್ತಿಯ ನ್ಯಾಯಸ್ಥಾನಕ್ಕೆ ದೂರು ಕೊಟ್ಟಿತು. ಪ್ರಷ್ಯ, ಇಂಗ್ಲೆಂಡು, ಡೆನ್ಮಾರ್ಕುಗಳ ಅರಸರು ಅದರ ಬೆಂಬಲಕ್ಕೆ ನಿಂತರು. 1770ರಲ್ಲಿ ಡ್ಯೂಕನು ಮಣಿದು ಹಳೆಯ ಹಕ್ಕುಗಳನ್ನು ಮತ್ತೊಮ್ಮೆ ಒಪ್ಪಿಕೊಂಡನು.

ಮಣಿದವನು ಬದಲಾದನೆಂದಲ್ಲ. 1786ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯೊಡನೆ ವ್ಯವಹಾರ ಕುದುರಿಸಿ ಸುಮಾರು 2,000 ಸಿಪಾಯಿಗಳ ದಂಡನ್ನು ಹಣಕ್ಕೆ ಒಪ್ಪಿಸಿದನು. ಮರುವರ್ಷ ಅವರು ಮನೆಮಠ ಬಿಟ್ಟು ಹೊರಟು ಆಫ್ರಿಕದ ಕೇಪ್‌ಟೌನಿಗೆ, ಅಲ್ಲಿಂದ ಸಿಂಹಳಕ್ಕೂ ಜಾವಾಕ್ಕೂ ಹೋದರು. ತಿರುಗಿ ಊರು ಕಂಡವರು ಬಹಳ ಕಡಿಮೆ. ಬೇಕಾದಲ್ಲಿಗೆ ಹೋಗುವ ಹಕ್ಕು ಬೇರೆ, ಒಡೆಯನು ಮಾರಿದಲ್ಲಿಗೆ ಹೋಗುವುದು ಬೇರೆ. ಹೊರಟಾಗ ಎರಡೂ ಒಂದೇ ದಾರಿಯಂತೆ ಕಾಣುತ್ತವೆ.

1805ರ ಕೊನೆಯಲ್ಲಿ, ನೆಪೋಲಿಯನ್ನನ ಕೃಪೆಯಿಂದ ರಾಜಪದವಿ ಪಡೆಯಲಿದ್ದ ಫ್ರೀಡ್ರಿಚನು ಸಭೆಯನ್ನು ರದ್ದುಪಡಿಸಿದನು. 1806ರ ಜನವರಿ 1ರಂದು ವ್ಯುರ್ಟೆಂಬರ್ಗ್ ರಾಜ್ಯವಾಯಿತು. ಚರ್ಚಿನ ನಿಧಿ ಸರಕಾರದ ಬೊಕ್ಕಸದಲ್ಲಿ ಕರಗಿತು. ಹೀಗೆ 1514ರ ಕರಾರು 291 ವರ್ಷ ಬಾಳಿ ಕಣ್ಮುಚ್ಚಿತು. ಆದರೆ ಜನ ಅದನ್ನು ಮರೆಯಲಿಲ್ಲ. ‘ನಮ್ಮ ಹಳೆಯ ಹಕ್ಕು ನಮಗೆ ಬೇಕು’ ಎಂದು ಹಟ ಹಿಡಿದರು. 1819ರಲ್ಲಿ ಹೊಸ ರಾಜನು ಸಂವಿಧಾನವನ್ನು ಕೊಡುವಾಗ ತಾನೊಬ್ಬನೇ ದಯಪಾಲಿಸಿದ ವರದಂತೆ ಕೊಡಲಾಗಲಿಲ್ಲ. ಪ್ರಜಾಪ್ರತಿನಿಧಿಗಳೊಡನೆ ಕೂತು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಮೋಗ್ಲಿಂಗರು ಹುಟ್ಟಿ ಬೆಳೆದದ್ದು ಈ ಹೊಸ ರಾಜ್ಯದಲ್ಲಿ. ಇಂದು ಆ ಸೀಮೆ ಬಾಡೆನ್-ವ್ಯುರ್ಟೆಂಬರ್ಗ್ ಎಂಬ ಪ್ರಾಂತದ ಭಾಗವಾಗಿದೆ. ಡ್ಯೂಕರು ಹೋದರು, ರಾಜರೂ ಹೋದರು. ಟ್ಯುಬಿಂಗೆನ್ನಿನ ಷ್ಟಿಫ್ಟೂ ಮೌಲ್‌ಬ್ರೋನಿನ ಶಾಲೆಯೂ ಇನ್ನೂ ನಡೆಯುತ್ತಿವೆ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದ್ದೇನು? ಬರಹದಲ್ಲಿರುವ ಹಕ್ಕು ತನ್ನಷ್ಟಕ್ಕೆ ಯಾರನ್ನೂ ಕಾಯುವುದಿಲ್ಲ. ಒಳ್ಳೆಯ ಡ್ಯೂಕನ ಕಾಲದಲ್ಲಿ ಅದರ ಅಗತ್ಯ ಕಾಣುವುದಿಲ್ಲ, ಕೆಟ್ಟ ಡ್ಯೂಕನ ಕಾಲದಲ್ಲಿ ಅದು ಪೆಟ್ಟಿಗೆಯಲ್ಲಿ ಮಲಗಿದ್ದರೆ ಇದ್ದೂ ಇಲ್ಲದಂತೆ. ಪೆಟ್ಟಿಗೆಯಿಂದ ತೆಗೆದು ಓದಬಲ್ಲವರು, ಓದಿ ‘ಇಲ್ಲಿ ಹೀಗೆ ಬರೆದಿದೆ’ ಎಂದು ಬೆರಳಿಟ್ಟು ತೋರಿಸಬಲ್ಲವರು ಪ್ರತಿ ತಲೆಮಾರಿನಲ್ಲಿಯೂ ಇರಬೇಕು. ವ್ಯುರ್ಟೆಂಬರ್ಗಿನಲ್ಲಿ ಅಂಥವರನ್ನು ತಯಾರಿಸಿದ್ದು ಆ ಉಚಿತ ಶಾಲೆಗಳು. ಕರಾರೂ ಶಾಲೆಯೂ ಒಂದನ್ನೊಂದು ಕಾಯ್ದವು. ಎಲ್ಲಿ ಓದು ಬಾರದವನನ್ನೋ ಬೇರೆ ಮತದವನನ್ನೋ ಹೊರಗಿಟ್ಟರೋ ಅಲ್ಲಿ ಎರಡೂ ಸೋತವು.

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ದಣಿದು ಬಂದವರೇ ಹೆಚ್ಚು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಏನಿದೆಯೆಂದು ಓದಿ ನೋಡದವರು ನಮ್ಮಲ್ಲಿಯೂ ಇದ್ದಾರೆ. ಕೆಲವರಿಗೆ ಅದರ ಭಾಷೆ ತಿಳಿಯದು, ಕೆಲವರಿಗೆ ಕೇಳಲು ಸಂಕೋಚ. ಅಂಥ ಕಾಗದವಿದ್ದರೆ ಇಲ್ಲಿಗೆ ತನ್ನಿ. ಬಲ್ಲವರು ಪಕ್ಕದಲ್ಲಿ ಕೂತು ಓದಿ ಹೇಳಲಿ. ತೂಕ ಸರಿಯಿದೆಯೋ ಇಲ್ಲವೋ ಎಂದು ನೋಡಲು ಈಗ ಹೊಳೆಯ ದಂಡೆಗೆ ಹೋಗಬೇಕಾಗಿಲ್ಲ. ಒಂದು ದೀಪ, ಒಂದು ಮೇಜು, ಓದಬಲ್ಲ ಒಬ್ಬ ಗೆಳೆಯ ಇದ್ದರೆ ಸಾಕು.